ಜೂಲಿಯಾ ವಾಲೆಸ್ ಕೊಲೆ, ಲಿವರ್‌ಪೂಲ್ 1931: ಗಂಡನೋ, ಪ್ಯಾರಿಯೋ?

ಪ್ರಶ್ನೆ (ಹಳೆಕಡತ): ಜನವರಿ 19ರ ಸಂಜೆ ಚೆಸ್ ಕ್ಲಬ್ಬಿಗೆ ‘ಕ್ವಾಲ್ಟ್ರೋ’ ಹೆಸರಲ್ಲಿ ಫೋನ್ ಬಂತು: ವಿಮಾ ಏಜೆಂಟ್ ವಾಲೆಸ್ ಮರುದಿನ ಏಳೂವರೆಗೆ 25, ಮೆನ್‌ಲವ್ ಗಾರ್ಡನ್ಸ್ ಈಸ್ಟ್‌ಗೆ ಬರಬೇಕು. ಅಂಥ ವಿಳಾಸವೇ ಇಲ್ಲ. ವಾಲೆಸ್ ಅಲೆದು ವಾಪಸ್ ಬಂದಾಗ ಹೆಂಡತಿ ಜೂಲಿಯಾಳ ತಲೆ ಒಡೆದಿತ್ತು. ಗಂಡನೇ ಎನ್ನುವವರ ವಾದ ಗಡಿಯಾರದ ಮುಂದೆ ನಿಲ್ಲುತ್ತಾ?

ಟ್ರಾಮ್‌ಲೆಕ್ಕ: ಎಲ್ಲ ನಿಂತಿರುವುದು ಹಾಲಿನ ಹುಡುಗನ ಮೇಲೆ. ಅವನು ಜೂಲಿಯಾಳನ್ನು ಜೀವಂತ ನೋಡಿದ್ದು ಕೋರ್ಟಿನ ಮಾತಿನಂತೆ 6.30ರ ಸುಮಾರಿಗೆ, ಗೆಳೆಯರಿಗೆ ಹೇಳಿದ್ದು 6.45. ವಾಲೆಸ್ 7.06ಕ್ಕೆ ಸ್ಮಿತ್‌ಡೌನ್ ರಸ್ತೆಯಲ್ಲಿ ಟ್ರಾಮ್ ಹತ್ತಿದ್ದ. ಮನೆಯಿಂದ ಅಲ್ಲಿಗೆ 17-20 ನಿಮಿಷ, ಅಂದರೆ 6.49ರೊಳಗೆ ಹೊರಟಿರಬೇಕು. 6.45 ನಿಜವಾದರೆ ಉಳಿಯುವುದು ನಾಲ್ಕು ನಿಮಿಷ. ಇನ್ನು ಶವಪರೀಕ್ಷೆಯ ಸಮಯ ನಂಬಬೇಡಿ: ವೈದ್ಯರು ಮೈ ಬಿಸಿ ಅಳೆಯದೆ, ಬರೀ ಮೈ ಸೆಟೆದದ್ದನ್ನು ನೋಡಿ ಹೇಳಿದ್ದು.

ಕಪ್ಪುಬಟನ್: ಟ್ರಾಮ್ ಸರಿ, ಆದರೆ ಫೋನ್ ಬೂತ್ ಮರೀಬೇಡಿ. ನಾಣ್ಯದ ತಾಪತ್ರಯದಿಂದ ಕರೆ ಮೊದಲ ಸಲ ಸೇರಲಿಲ್ಲ, ಆಪರೇಟರ್ ನೋಟ್ ಮಾಡಿಕೊಂಡಳು; ಹಾಗಾಗಿ ಕರೆ ಹೋದದ್ದು ಆನ್‌ಫೀಲ್ಡ್ 1627 ನಂಬರಿನ ಬೂತಿನಿಂದ ಅಂತ ಸಿಕ್ಕಿತು, ವಾಲೆಸ್ ಮನೆಯಿಂದ 400 ಗಜ. ಕರೆ ಹೋದದ್ದು ಏಳೂಕಾಲಿನ ಸುಮಾರಿಗೆ, ಆ ಸಂಜೆ ವಾಲೆಸ್ ಮನೆ ಬಿಟ್ಟದ್ದೂ ಅದೇ ಹೊತ್ತಿಗೆ. ಇದು ಗಂಡನ ವಿರುದ್ಧದ ಗಟ್ಟಿ ಅಂಶ. ಆದರೆ ಕರೆ ತೆಗೆದುಕೊಂಡ ಕ್ಲಬ್ ಕ್ಯಾಪ್ಟನ್‌ಗೆ ವಾಲೆಸ್ ದನಿ ಚೆನ್ನಾಗಿ ಗೊತ್ತು. ಅದು ಅವನದಲ್ಲ ಎಂದರು.

ಹಳೆಕಡತ: ಮೈಮೇಲೆ ರಕ್ತ? ರೇನ್‌ಕೋಟ್ ಹಾಕಿಕೊಂಡು ಹೊಡೆದ ಅಂತಾರಲ್ಲ.

ಟ್ರಾಮ್‌ಲೆಕ್ಕ: ಕೋಟು ವಾಲೆಸ್‌ನದ್ದೇ, ಶವದ ಕೆಳಗೆ ಸುಟ್ಟ ಸ್ಥಿತಿಯಲ್ಲಿತ್ತು. ಆದರೆ ಮುಖ, ಕೂದಲು, ಶೂ? ಚರಂಡಿಯಲ್ಲಿ ರಕ್ತದ ಗುರುತೇ ಸಿಗಲಿಲ್ಲ ಮಾರಾಯ್ರೆ. ತೊಳೆದ ಅಂದರೆ ಆ ನಾಲ್ಕು ನಿಮಿಷದಲ್ಲೇ ತೊಳೆಯಬೇಕು.

ಕಪ್ಪುಬಟನ್: ಗಾರ್ಡನ್ ಪ್ಯಾರಿಗೆ ಬನ್ನಿ. ಅದೇ ವಿಮಾ ಕಂಪನಿಯಲ್ಲಿದ್ದವನು, ವಾಲೆಸ್ ಕಾಯಿಲೆ ಬಿದ್ದಾಗ ವಸೂಲಿ ಮಾಡಿದ್ದ, ನಗದು ಪೆಟ್ಟಿಗೆಯ ಜಾಗ ಗೊತ್ತು. ಕರೆಯ ಹೊತ್ತಿಗೆ ಪ್ರೇಯಸಿಯ ಮನೆಯಲ್ಲಿದ್ದೆ ಅಂದ. ಆ ಮನೆಯವರ ಹೇಳಿಕೆ ತಾಳೆಯಾಗಲಿಲ್ಲ. ತೊಡಕು ಕೊಲೆಯ ರಾತ್ರಿಯದು: ಸಂಜೆ ಐದರಿಂದ ಎಂಟೂವರೆವರೆಗೆ ಬೇರೊಂದು ಮನೆಯಲ್ಲಿದ್ದ ಅನ್ನೋದಕ್ಕೆ ಸಾಕ್ಷಿ ಇದೆ. ಅದಕ್ಕೇ ‘ಫೋನ್ ಪ್ಯಾರಿ, ಒಳಹೊಕ್ಕವನು ಜೊತೆಗಾರ’ ಅನ್ನುವ ಮೂರನೇ ವಾದ ಹುಟ್ಟಿತು. ನನಗೆ ಅದೇ ಒಪ್ಪಿಗೆ, ಆದರೆ ಆ ಜೊತೆಗಾರನ ಹೆಸರು ಹಿಡಿಯಲು ಒಂದೂ ಕುರುಹಿಲ್ಲ.

ಟ್ರಾಮ್‌ಲೆಕ್ಕ: ಪೆಟ್ಟಿಗೆಯಿಂದ ಹೋದದ್ದು ಸುಮಾರು 4 ಪೌಂಡ್, ಕಳ್ಳತನಕ್ಕೆ ಅದು ಸಾಲದು ಅನ್ನುವವರಿಗೆ ಒಂದು ಮಾತು: ಪೆಟ್ಟಿಗೆಯಲ್ಲಿ ಎಷ್ಟಿದೆ ಅಂತ ಕಳ್ಳನಿಗೆ ಮೊದಲೇ ತಿಳಿಯಲ್ಲ. ಜ್ಯೂರಿ ವಾಲೆಸ್‌ನನ್ನು ತಪ್ಪಿತಸ್ಥ ಎಂದು ಗಲ್ಲುಶಿಕ್ಷೆ ಆಗಿದ್ದನ್ನು ಮೇ ತಿಂಗಳಲ್ಲಿ ಮೇಲ್ಮನವಿ ಕೋರ್ಟು ಸಾಕ್ಷ್ಯ ಸಾಲದೆಂದು ರದ್ದುಮಾಡಿತು. ವಾಲೆಸ್ 1933ರಲ್ಲಿ ಸತ್ತ, ಪ್ಯಾರಿ 1980ರಲ್ಲಿ.