ಪದಚರ್ಚೆ: ಮಂಜಿಗೆ ಒದ್ದೆಯಾದ ಬಂಡೆಗೆ ಏನನ್ನಬೇಕು? (ಬೋರ್ಡಿಗೆ, ತುರ್ತು)

ಮಣಿಪಾಲದಿಂದ:

ಎಲ್ಲರಿಗೂ ನಮಸ್ಕಾರ. ಕಾರ್ಕಳದ ಕಡೆಯ ಒಂದು ಪಾದೆಯ ಬುಡದಲ್ಲಿ, ಹಗ್ಗ ಕಟ್ಟಿ ಬಂಡೆ ಹತ್ತುವ ಹುಡುಗರಿಗಾಗಿ ಬೋರ್ಡು ಹಾಕಬೇಕಾಗಿದೆ. ನಾಳೆ ಬೆಳಗ್ಗೆ ಉಡುಪಿಯಲ್ಲಿ ಫ್ಲೆಕ್ಸ್ ಪ್ರಿಂಟಿಗೆ ಹೋಗುತ್ತದೆ. ಇಂಗ್ಲಿಷ್ ಎಚ್ಚರಿಕೆಗೆ ನಮ್ಮ ಕೈಗೆ ಬಂದ ಅನುವಾದ ಹೀಗಿದೆ: “ಶೀತಲ ಹಾಗೂ ಮಂಜು ಮುಸುಕಿದ ಹವಾಮಾನ ಪರಿಸ್ಥಿತಿಯಲ್ಲಿ ಶಿಲಾರೋಹಣ ನಿಷಿದ್ಧ.” ಇದನ್ನು ಓದಿ ಯಾರೂ ನಿಲ್ಲುವುದಿಲ್ಲ. ನನಗೆ ಎರಡು ಮಾತು ಬೇಕು. ಮಳೆಯೇ ಬಾರದೆ ಬರೀ ಮಂಜಿಗೆ ಬಂಡೆಯ ಮೈ ನೀರಾಗುವುದಕ್ಕೆ ಒಂದು. ಹತ್ತುವವರು ‘ಇವತ್ತು ಕಂಡೀಷನ್ ಚೆನ್ನಾಗಿದೆ’ ಅನ್ನುತ್ತಾರಲ್ಲ, ಆ ಕಂಡೀಷನ್ನಿಗೆ ಇನ್ನೊಂದು. ಇವತ್ತು ರಾತ್ರಿಯೊಳಗೆ ತಿಳಿಸಿದರೆ ಉಪಕಾರ.

ಮಂಗಳೂರಿನಿಂದ:

ಶಿಲಾರೋಹಣ ಬೇಡ. ನಿಷಿದ್ಧವೂ ಬೇಡ. ‘ಬಂಡೆ ಚಂಡಿ ಇದ್ದರೆ ಹತ್ತಬೇಡಿ.’ ಇಷ್ಟು ಸಾಕು. ನಮ್ಮಲ್ಲಿ ಬಟ್ಟೆ ಚಂಡಿಯಾಗುತ್ತದೆ, ತಲೆ ಚಂಡಿಯಾಗುತ್ತದೆ, ಬಂಡೆಯೂ ಚಂಡಿಯಾಗುತ್ತದೆ. ಊರಲ್ಲಿ ಮಾತು ಇರುವಾಗ ನಿಘಂಟು ಯಾಕೆ ಮಾರಾಯ್ರೇ?

ಮೈಸೂರಿನಿಂದ:

ಮಣಿಪಾಲಕ್ಕೆ ಓದಲು ಬರುವ ಎಷ್ಟೋ ಮಕ್ಕಳು ಘಟ್ಟದ ಮೇಲಿನವರು. ಅವರಿಗೆ ಚಂಡಿ ಅಂದರೆ ಹಟ, ಇಲ್ಲವೇ ದೇವಿ. ಜೀವದ ಪ್ರಶ್ನೆ ಇರುವ ಕಡೆ ಇದು ಸಲ್ಲದು. ‘ಒದ್ದೆ’ ಅನ್ನಿ.

ಇನ್ನು ಮಂಜು. ಅದು ಗಾಳಿಯಲ್ಲಿ ತೇಲುವಂಥದ್ದು. ಬಂಡೆಯ ಮೇಲೆ ಕೂತದ್ದು ಇಬ್ಬನಿ. ಆ ಪದದ ಕೊನೆಯಲ್ಲಿರುವ ‘ಬನಿ’ ನಮ್ಮ ಹನಿಯೇ, ಹಳಗನ್ನಡದ ಪನಿ. ತಮಿಳಿನಲ್ಲಿ ಇವತ್ತಿಗೂ ಇಬ್ಬನಿಗೆ ಪನಿ ಅಂತಲೇ ಹೇಳುತ್ತಾರೆ. ಹಾಗಾಗಿ ‘ಮಂಜಿಗೆ ಒದ್ದೆ’ ಅನ್ನುವುದು ಸಡಿಲ ಬಳಕೆ. ‘ಇಬ್ಬನಿ ಕೂತ ಬಂಡೆ’ ಸರಿ.

ಮಂಗಳೂರಿನಿಂದ:

ತುಳುವಿನಲ್ಲಿ ಎರಡಕ್ಕೂ ಮೈಂದ್. ಅದರಿಂದ ಯಾರಿಗೂ ಗೊಂದಲವಾಗಿಲ್ಲ. ಚಂಡಿಯನ್ನು ನಾನು ಬಿಡುವುದಿಲ್ಲ.

ಕಾರ್ಕಳದಿಂದ:

ಪದ ಆಮೇಲೆ ನೋಡೋಣ. ಆ ಅನುವಾದದಲ್ಲಿ ವಿಷಯವೇ ತಪ್ಪಿದೆ. ಹತ್ತುವವರಿಗೆ ಚಳಿಯಿಂದ ತೊಂದರೆಯಿಲ್ಲ, ಅನುಕೂಲವೇ ಜಾಸ್ತಿ. ಅಂಗೈ ಕಡಿಮೆ ಬೆವರುತ್ತದೆ. ಶೂವಿನ ರಬ್ಬರು ಗಟ್ಟಿಯಾಗಿ ನಿಲ್ಲುತ್ತದೆ, ಸಣ್ಣ ಅಂಚಿನ ಮೇಲೆ ಕಾಲಿಟ್ಟರೂ ಮಡಚಿಕೊಳ್ಳುವುದಿಲ್ಲ. ಹಂಪಿಗೂ ಬಾದಾಮಿಗೂ ಜನ ನವೆಂಬರಿನಿಂದ ಫೆಬ್ರವರಿಯೊಳಗೆ ಹತ್ತಲು ಹೋಗುವುದು ಇದೇ ಕಾರಣಕ್ಕೆ. ಬೆರಳು ಮರಗಟ್ಟುವ ಚಳಿ ಹಿಮಾಲಯದಲ್ಲಿ ಕಾಡುತ್ತದೆ, ಕರಾವಳಿಯಲ್ಲಿ ಅಲ್ಲ. ಜನವರಿಯ ರಾತ್ರಿಯಲ್ಲೂ ಮಂಗಳೂರಿನಲ್ಲಿ 20 ಡಿಗ್ರಿಯ ಆಸುಪಾಸು ಇರುತ್ತದೆ. ಅದಕ್ಕೇ ‘ಶೀತಲ’ ಅನ್ನುವ ಮಾತನ್ನು ಮೊದಲು ತೆಗೆಯಿರಿ.

ತೊಂದರೆಯೆಲ್ಲ ತೇವದಿಂದ. ಬಯಲಿನಲ್ಲಿರುವ ಬಂಡೆ ರಾತ್ರಿ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ. ಅದಕ್ಕೆ ಒದ್ದೆ ಗಾಳಿ ತಾಗಿದಾಗ ಗಾಳಿಯಲ್ಲಿರುವ ಆವಿ ನೀರಾಗಿ ಕೂರುತ್ತದೆ. ಫ್ರಿಜ್ಜಿನಿಂದ ತೆಗೆದಿಟ್ಟ ಬಾಟಲಿಯ ಮೈ ಒದ್ದೆಯಾಗುತ್ತದಲ್ಲ, ಹಾಗೆ. ಹತ್ತುವವರು ಇದಕ್ಕೆ ‘ಬಂಡೆ ಬೆವರಿದೆ’ ಅನ್ನುತ್ತಾರೆ. ಹನಿ ಕಾಣಲೇಬೇಕು ಅಂತಿಲ್ಲ. ಕಣ್ಣಿಗೆ ಒಣಗಿದ ಹಾಗಿರುವ ಕಲ್ಲಿನ ಮೇಲೂ ಕಾಲು ಜಾರುತ್ತದೆ. ಬೋರ್ಡಿಗೆ ‘ಇಬ್ಬನಿ’ ಸಾಲದು ಅನ್ನುವುದು ಇದಕ್ಕೇ. ಹುಡುಗರು ಹನಿ ಹುಡುಕುತ್ತಾರೆ, ಕಾಣದಿದ್ದರೆ ಹತ್ತಿಬಿಡುತ್ತಾರೆ.

ಕಲ್ಲುಹೂವು, ಪಾಚಿ ಇರುವ ಜಾಗ ಸ್ವಲ್ಪ ತೇವ ಕುಡಿದರೂ ಜಾರತೊಡಗುತ್ತದೆ. ಕೈಗೆ ಹಚ್ಚುವ ಚಾಕ್ ಅಂದರೆ ಮೆಗ್ನೀಸಿಯಂ ಕಾರ್ಬೊನೇಟ್. ಅದು ಬೆವರು ಹೀರುವುದಕ್ಕೆ ಇರುವುದು. ಒದ್ದೆ ಕಲ್ಲಿನ ಮೇಲೆ ಅದು ಕಲಸಿಹೋಗಿ ಕೈ ಇನ್ನೂ ಬೇಗ ತಪ್ಪುತ್ತದೆ. ನೈಲಾನ್ ಹಗ್ಗ ನೆನೆದರೆ ಭಾರವಾಗುತ್ತದೆ, ಅದರ ಬಲವೂ ಕುಗ್ಗುತ್ತದೆ.

ಕಲ್ಲು ಯಾವುದು ಅನ್ನುವುದೂ ಮುಖ್ಯ. ನಮ್ಮದು ಗ್ರಾನೈಟು. 1432ರಲ್ಲಿ ಕಾರ್ಕಳದಲ್ಲಿ ನಿಲ್ಲಿಸಿದ ಗೊಮ್ಮಟನೂ ಇದೇ ಜಾತಿಯ ಕಲ್ಲು. ಇದರ ಮೈ ಒಣಗಿದರೆ ಸಾಕು. ಬಾದಾಮಿಯದು ಮರಳುಗಲ್ಲು. ಅದು ನೀರು ಕುಡಿದರೆ ಒಳಗೇ ಬಲ ಕಳೆದುಕೊಳ್ಳುತ್ತದೆ, ಹಿಡಿದ ಅಂಚು ಮುರಿದು ಕೈಗೆ ಬರುತ್ತದೆ. ಮೇಲೆ ಒಣಗಿದಂತೆ ಕಂಡರೂ ಅಲ್ಲಿ ಕಾಯಬೇಕು. ಅಲ್ಲಿಯ ನಿಯಮವನ್ನು ಇಲ್ಲಿಗೆ, ಇಲ್ಲಿಯದನ್ನು ಅಲ್ಲಿಗೆ ಹಾಕಿದರೆ ಅಪಾಯ.

ಇನ್ನು ಹೊತ್ತು. ಡಿಸೆಂಬರ್, ಜನವರಿಯಲ್ಲಿ ನಮ್ಮಲ್ಲಿ ಬೆಳಗ್ಗೆ ಘಟ್ಟದ ಕಡೆಯಿಂದ ಮೂಡುಗಾಳಿ, ಮಧ್ಯಾಹ್ನದ ಹೊತ್ತಿಗೆ ಕಡಲಿನಿಂದ ಪಡುಗಾಳಿ. ಪಡುಗಾಳಿ ತೇವ ತರುತ್ತದೆ. ಮಂಜು ಕರಗಿ ಬಿಸಿಲು ಬಿದ್ದ ಮೇಲೆ, ಪಡುಗಾಳಿ ಏಳುವುದಕ್ಕೆ ಮುಂಚೆ ಸ್ವಲ್ಪ ಹೊತ್ತು ಬಂಡೆ ಹದಕ್ಕೆ ಬರುತ್ತದೆ. ನಿಮ್ಮ ಕಂಡೀಷನ್ನಿಗೆ ನಾವು ಆಡುವ ಮಾತು ಇದೇ. ‘ಬಂಡೆ ಹದಕ್ಕೆ ಬಂದಿದೆ’, ‘ಇನ್ನೂ ಹದ ಇಲ್ಲ’.

ಮೈಸೂರಿನಿಂದ:

ವಿಷಯ ಒಪ್ಪಿದೆ, ಪದ ಒಪ್ಪುವುದಿಲ್ಲ. ಹದ ಮಳೆ ಬಿತ್ತು, ನೆಲ ಹದವಾಗಿದೆ ಅಂದರೆ ತೇವ ಇದೆ ಅಂತ. ಇಲ್ಲಿ ಬೇಕಾದದ್ದು ಒಣ ಬಂಡೆ. ಅರ್ಥ ಉಲ್ಟಾ ಆಗುತ್ತದೆ.

ಮಂಗಳೂರಿನಿಂದ:

ಹದ ಅಂದರೆ ತೇವ ಅಲ್ಲವೇ ಅಲ್ಲ. ಕೆಲಸಕ್ಕೆ ತಕ್ಕ ಸ್ಥಿತಿ. ಬಿತ್ತುವ ನೆಲಕ್ಕೆ ತೇವ ಬೇಕು, ಅದಕ್ಕೆ ಅದು ಹದ. ಕತ್ತಿಯ ಕಬ್ಬಿಣಕ್ಕೂ ಹದ ಕೊಡುತ್ತಾರೆ, ಬೆಲ್ಲದ ಪಾಕಕ್ಕೂ ಹದ ಇದೆ. ಅಲ್ಲಿ ತೇವ ಎಲ್ಲಿದೆ? ಹಳಗನ್ನಡದ ‘ಪದ’, ತಮಿಳಿನ ‘ಪದಂ’ ಇದರದೇ ಬಳಗ. ನಾವು ಈಗ ಚರ್ಚಿಸುವ ಸಂಸ್ಕೃತದ ‘ಪದ’ವೇ ಬೇರೆ. ‘ಹವಾಮಾನ ಪರಿಸ್ಥಿತಿ’ಯನ್ನು ಎಸೆಯಿರಿ. ಹದ ಚಿಕ್ಕದು, ನಮ್ಮದು, ಬೇಕಾದ ಅರ್ಥ ಪೂರ್ತಿ ಅದರಲ್ಲಿದೆ.

ಬೆಂಗಳೂರಿನಿಂದ:

ಹತ್ತುವ ಹುಡುಗರು ದಿನಾ ಆಡುವುದು ಕಂಡೀಷನ್, ಗ್ರಿಪ್. ಸುಮ್ನೆ ಅದನ್ನೇ ಹಾಕಿ. ಕೈಕಾಲು ಉಳಿಸಲು ಹಾಕುವ ಬೋರ್ಡಿನಲ್ಲಿ ಭಾಷೆ ಉಳಿಸುವ ಹೊರೆ ಯಾಕೆ?

ಮಂಗಳೂರಿನಿಂದ:

ಕೈಕಾಲು ಉಳಿಯಬೇಕಾದದ್ದು ಶೂ ಹಾಕಿ ಬಂದವರದ್ದು ಮಾತ್ರ ಅಲ್ಲ. ಅವರು ಹತ್ತುವುದನ್ನು ನೋಡಿ ಬರಿಗಾಲಲ್ಲಿ ಹತ್ತಲು ಹೊರಡುವ ಊರಿನ ಮಕ್ಕಳೂ ಅದನ್ನು ಓದಬೇಕು. ಗ್ರಿಪ್ ಅಂದರೆ ಅವರಿಗೆ ಸೈಕಲ್ಲಿನ ಹ್ಯಾಂಡಲಿನದು. ‘ಜಾರುತ್ತದೆ’ ಅಂದರೆ ಎಲ್ಲರಿಗೂ ತಿಳಿಯುತ್ತದೆ.

ಬೆಂಗಳೂರಿನಿಂದ:

ಹಾಗಾದರೆ ಬೋರ್ಡು, ಶೂ, ಚಾಕ್, ನೈಲಾನ್ ಎಲ್ಲ ತೆಗೆಯುತ್ತೀರಾ? ಎರವಲು ಬೇಡ ಅಂದರೆ ಯಾವುದೂ ಬೇಡ ಅನ್ನಬೇಕು.

ಕಾರ್ಕಳದಿಂದ:

ಎರವಲು ಬೇಡ ಅಂತ ಇಲ್ಲಿ ಯಾರೂ ಹೇಳಿಲ್ಲ. ನಮ್ಮ ಕರಾವಳಿಯ ಜನೇಲು, ಚಾವಿ ಪೋರ್ಚುಗೀಸಿನಿಂದ ಬಂದವು. ಅವಿಲ್ಲದೆ ನಮ್ಮ ಮನೆಮಾತು ನಡೆಯುವುದಿಲ್ಲ. ವಸ್ತು ಬಂತು, ಜೊತೆಗೆ ಹೆಸರೂ ಬಂತು. ಚಾಕ್, ಹಗ್ಗಕ್ಕೆ ಸಿಕ್ಕಿಸಲು ಮೈಗೆ ಕಟ್ಟಿಕೊಳ್ಳುವ ಹಾರ್ನೆಸ್ ಹಾಗೆಯೇ ಇರಲಿ. ಆದರೆ ಒಣಗುವುದು, ಜಾರುವುದು, ಹದಕ್ಕೆ ಬರುವುದು ಹೊಸ ವಸ್ತುಗಳಲ್ಲ. ಇವಕ್ಕೆ ಮಾತು ಇದ್ದೂ ಹೊರಗಿನಿಂದ ತರುವುದು ನನಗೆ ಒಪ್ಪಿಗೆಯಿಲ್ಲ, ಅದು ಇಂಗ್ಲಿಷಿನಿಂದಾಗಲಿ, ಸಂಸ್ಕೃತದಿಂದಾಗಲಿ.

ಮೈಸೂರಿನಿಂದ:

ಹಾರ್ನೆಸ್ಸಿಗೆ ‘ನಡುಪಟ್ಟಿ’ ಅನ್ನಬಹುದಲ್ವಾ? ಅಚ್ಚಗನ್ನಡ.

ಕಾರ್ಕಳದಿಂದ:

ಬೇಡ. ಅದು ಸೊಂಟಕ್ಕೆ ಮಾತ್ರವಲ್ಲ, ಎರಡೂ ತೊಡೆಗೆ ಬರುತ್ತದೆ. ಬಿದ್ದಾಗ ಮೈಭಾರ ಹಂಚಿಹೋಗುವುದು ಹಾಗೆ. ನಡುಪಟ್ಟಿ ಅಂತ ಓದಿ ಯಾರಾದರೂ ಸೊಂಟಕ್ಕೊಂದು ಬೆಲ್ಟು ಕಟ್ಟಿ ಹಗ್ಗಕ್ಕೆ ತೂಗಿದರೆ ಬೆನ್ನು ಮುರಿದೀತು. ಕನ್ನಡದ ಮಾತು ಅಂದ ಮಾತ್ರಕ್ಕೆ ಅಪಾಯ ತಪ್ಪುವುದಿಲ್ಲ.

ಮಣಿಪಾಲದಿಂದ:

ಎಲ್ಲರಿಗೂ ಧನ್ಯವಾದ. ಇದನ್ನು ಪ್ರಿಂಟಿಗೆ ಕಳಿಸುತ್ತಿದ್ದೇನೆ: “ಬಂಡೆ ಒದ್ದೆ (ಚಂಡಿ) ಇದ್ದರೆ ಹತ್ತಬೇಡಿ. ಜಾರುತ್ತದೆ. ಮಂಜು ಕರಗಿದ ಮೇಲೂ ಅಂಗೈ ಇಟ್ಟು ನೋಡಿ. ತೇವ ತಾಗಿದರೆ ಬಂಡೆ ಇನ್ನೂ ಹದಕ್ಕೆ ಬಂದಿಲ್ಲ.” ಕೆಳಗೆ ‘ಬೆಳಗ್ಗೆ 9ರ ನಂತರ ಹತ್ತಬಹುದು’ ಅಂತ ಸೇರಿಸಲೇ?

ಮಂಗಳೂರಿನಿಂದ:

ಚಂಡಿಯನ್ನು ಹೊರಗಿಡಿ, ಒದ್ದೆಯನ್ನು ಕಂಸದಲ್ಲಿ ಹಾಕಿ. ಬಂಡೆ ಇರುವುದು ಕಾರ್ಕಳದಲ್ಲಿ.

ಕಾರ್ಕಳದಿಂದ:

ಗಂಟೆ ಹಾಕಬೇಡಿ. ಮೋಡ ಕವಿದ ದಿನ ಮಧ್ಯಾಹ್ನವಾದರೂ ಒಣಗುವುದಿಲ್ಲ. ಚಳಿಗಾಲದಲ್ಲಿ ಸೂರ್ಯ ತೆಂಕಣಕ್ಕೆ ವಾಲಿರುವುದರಿಂದ ಬಡಗು ಮುಖದ ಬಂಡೆಗೆ ಬಿಸಿಲೇ ಬೀಳುವುದಿಲ್ಲ, ಇಡೀ ದಿನ ತೇವ ಇರಬಹುದು. ಗಂಟೆ ಬರೆದರೆ ಹುಡುಗರು ಗಡಿಯಾರ ನೋಡುತ್ತಾರೆ, ಕಲ್ಲು ಮುಟ್ಟಿ ನೋಡುವುದಿಲ್ಲ. ಬೋರ್ಡನ್ನು ದಾರಿಯ ಬಾಯಲ್ಲಿ ಹಾಕಬೇಡಿ, ಹಗ್ಗ ಕಟ್ಟುವ ಜಾಗದಲ್ಲೇ ಹಾಕಿ.