11x16 ಅಡಿ ಹಾಲ್‌ನಲ್ಲಿ 55 ಇಂಚಿನ ಟಿವಿ ಯಾವ ಗೋಡೆಗೆ, ಎಷ್ಟು ಎತ್ತರಕ್ಕೆ?

ಹೊಸಮನೆ_ಕೆಂಗೇರಿ:
ಫ್ಲ್ಯಾಟ್‌ನ ಹಾಲ್ ಪೂರ್ವ–ಪಶ್ಚಿಮ 16 ಅಡಿ, ಉತ್ತರ–ದಕ್ಷಿಣ 11 ಅಡಿ. ಪಶ್ಚಿಮದ ಗೋಡೆಯ ಮಧ್ಯೆ ಬಾಲ್ಕನಿಗೆ 6 ಅಡಿ ಅಗಲದ ಗಾಜಿನ ಸ್ಲೈಡಿಂಗ್ ಬಾಗಿಲಿದೆ. ಪೂರ್ವಕ್ಕೆ ಗೋಡೆಯಿಲ್ಲ, ಊಟದ ಜಾಗಕ್ಕೆ ತೆರೆದುಕೊಂಡಿದೆ. ಮುಂಬಾಗಿಲು ಉತ್ತರದ ಗೋಡೆಯ ಪೂರ್ವ ತುದಿಯಲ್ಲಿ. ದಕ್ಷಿಣದ ಗೋಡೆಯ ಆಚೆ, ಬಾಲ್ಕನಿ ಕಡೆಯ 10 ಅಡಿ ಬೆಡ್‌ರೂಮ್, ಉಳಿದ 6 ಅಡಿ ಬಾತ್‌ರೂಮ್. ಬಿಲ್ಡರ್ ಟಿವಿ ಪಾಯಿಂಟ್ ಕೊಟ್ಟಿರುವುದು ಇದೇ ಗೋಡೆಯಲ್ಲಿ, ಬಾತ್‌ರೂಮ್ ಶುರುವಾಗುವಲ್ಲಿ, ನೆಲದಿಂದ ಐದೂವರೆ ಅಡಿ ಮೇಲೆ. ಎಸಿ ಪಾಯಿಂಟ್ ಇದೇ ಗೋಡೆಯ ಬಾಲ್ಕನಿ ಮೂಲೆಯಲ್ಲಿ.

55 ಇಂಚಿನ ಟಿವಿ ತಗೊಂಡಾಗಿದೆ. ಸೋಫಾ ಇನ್ನೂ ಇಲ್ಲ, ಎಲ್ ಶೇಪ್ ಬೇಕು ಅಂತ ಮನೆಯಲ್ಲಿ ಆಸೆ. ಅಮ್ಮ ದಿವಾನ್ ಮೇಲೆ ಕೂತು ನೋಡ್ತಾರೆ. ಟಿವಿ ಅಗ್ನಿ ಮೂಲೆಯಲ್ಲೇ ಇರಬೇಕು ಅನ್ನೋರೂ ಇದ್ದಾರೆ. ಬರುವ ವಾರ ಕಾರ್ಪೆಂಟರ್ ಪ್ಯಾನೆಲ್ ಕೆಲಸ ಶುರು ಮಾಡ್ತಾರೆ. ಅಷ್ಟರೊಳಗೆ ಜಾಗ, ಎತ್ತರ, ವೈರಿಂಗ್ ಮೂರೂ ತೀರ್ಮಾನ ಆಗಬೇಕು. ತಿಳಿದವರು ಹೇಳಿ.

ಗಾರೆಕೋಲು:
ದಕ್ಷಿಣದ ಗೋಡೆಯೇ ಸರಿ, ಆದರೆ ಬಿಲ್ಡರ್ ತೋರಿಸಿದ ಜಾಗ ಬೇಡ. ಬಾಲ್ಕನಿ ಮೂಲೆಯಿಂದ ಆರೂವರೆ ಅಡಿಗೆ ಟಿವಿಯ ಮಧ್ಯ ಬರಲಿ. 55 ಇಂಚಿನ ಟಿವಿಯ ಅಗಲ ಸುಮಾರು 4 ಅಡಿ. ಹಾಗಾಗಿ ಅದು ನಾಲ್ಕೂವರೆಯಿಂದ ಎಂಟೂವರೆ ಅಡಿವರೆಗೆ ಕೂರುತ್ತದೆ. ಎಸಿಯ ನೇರ ಕೆಳಗೂ ಬರುವುದಿಲ್ಲ, ಬಾತ್‌ರೂಮಿನ ಗೋಡೆಗೂ ತಾಗುವುದಿಲ್ಲ. ಎಸಿಯ ಡ್ರೈನ್ ಪೈಪ್ ಕಟ್ಟಿಕೊಂಡರೆ ನೀರು ಗೋಡೆಯ ಮೇಲೇ ಇಳಿಯುತ್ತದೆ, ಆದ್ದರಿಂದ ಅದರ ಕೆಳಗೆ ಯಾವ ಪ್ಲಗ್ ಪಾಯಿಂಟೂ ಇರಬಾರದು. ಬಾತ್‌ರೂಮಿನ ಗೋಡೆಯೊಳಗೆ ನೀರಿನ ಪೈಪ್ ಓಡಿರುತ್ತದೆ; ಡ್ರಿಲ್ ತಗುಲಿದರೆ ಟೈಲ್ಸ್ ಒಡೆಯದೆ ಬೇರೆ ದಾರಿಯಿಲ್ಲ. ಪೈಪ್ ಉಳಿದರೂ ತೇವ ಎಳೆದು ಪ್ಲೈ ಉಬ್ಬುತ್ತದೆ. ಅಗ್ನಿ ಮೂಲೆ ಎಂದು ಪೂರ್ವಕ್ಕೆ ಸರಿಸಿದರೆ ಸೀದಾ ಆ ಗೋಡೆಗೇ ಬರುತ್ತೀರಿ. ಮನೆಯವರಿಗೆ ಇದನ್ನು ಬಿಡಿಸಿ ಹೇಳಿ.

ಬಾಲ್ಕನಿ ಬಾಗಿಲ ಪಕ್ಕ ಟಿವಿ ಇಟ್ಟರೆ ಹಿಂದಿನ ಬೆಳಕು ಕಣ್ಣಿಗೆ ಹೊಡೆದು ಪರದೆ ಮಂಕಾಗಿ ಕಾಣುತ್ತದೆ. ಬಾಲ್ಕನಿಗೆ ಎದುರಾಗಿ ಇಟ್ಟರೆ ಪರದೆಯಲ್ಲಿ ಬಾಲ್ಕನಿಯೇ ಕಾಣುತ್ತದೆ. ಬೆಳಕು ಪಕ್ಕದಿಂದ ಬರುವ ಗೋಡೆಯೇ ಒಳ್ಳೆಯದು. ಇಲ್ಲಿ ಉತ್ತರ ಮತ್ತು ದಕ್ಷಿಣ ಎರಡೂ ಹಾಗೇ ಇವೆ, ಆದರೆ ಸಂಜೆ ಬಿಸಿಲು ಎರಡಕ್ಕೂ ಒಂದೇ ಕಾಲದಲ್ಲಿ ಬೀಳುವುದಿಲ್ಲ. ನವೆಂಬರ್‌ನಿಂದ ಜನವರಿವರೆಗೆ ಸೂರ್ಯ ಪಶ್ಚಿಮಕ್ಕಿಂತ ದಕ್ಷಿಣಕ್ಕೆ ಸರಿದು ಮುಳುಗುವುದರಿಂದ ಬಿಸಿಲು ಓರೆಯಾಗಿ ಉತ್ತರದ ಗೋಡೆಗೆ ಬೀಳುತ್ತದೆ, ಆಗ ಆಕಾಶವೂ ತಿಳಿಯಾಗಿರುತ್ತದೆ. ದಕ್ಷಿಣದ ಗೋಡೆಯ ನಡುಭಾಗಕ್ಕೆ ಬಿಸಿಲು ತಗಲುವುದು ಹೆಚ್ಚಾಗಿ ಮೇ–ಜುಲೈನಲ್ಲಿ, ಅದರಲ್ಲಿ ಜೂನ್ ನಂತರ ಮೋಡ. ಹೇಗೂ ಬಾಲ್ಕನಿಗೆ ದಪ್ಪ ಪರದೆ ಬೇಕೇ ಬೇಕು.

ಎಲ್ ಸೋಫಾ ಈ ಹಾಲ್‌ಗೆ ಒಗ್ಗುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಗಿಡ್ಡ ತೋಳು ಬಾಲ್ಕನಿ ಕಡೆಗೆ ಬಂದರೆ ಬಾಗಿಲಿಗೆ ಅಡ್ಡ. ಊಟದ ಕಡೆಗೆ ಬಂದರೆ ಅಲ್ಲಿ ಕೂತವರ ಮುಖ ಬಾಲ್ಕನಿಗೆ, ಟಿವಿ ಎಡಗಡೆಗೆ. ಇಡೀ ಹೊತ್ತು ಕತ್ತು ತಿರುಗಿಸಿ ನೋಡಬೇಕು. ಉತ್ತರದ ಗೋಡೆಗೆ 7 ಅಡಿಯ ನೇರ ಸೋಫಾ ಹಾಕಿ, ಊಟದ ಕಡೆ ದಿವಾನ್ ಇಡಿ. ದಿವಾನ್‌ಗೆ ಬೆನ್ನಿಲ್ಲದ್ದೇ ಅನುಕೂಲ, ಲೋಡು ಹೇಗೆ ಇಟ್ಟರೆ ಅಮ್ಮ ಹಾಗೆ ತಿರುಗಿ ಕೂರಬಹುದು. ಸೋಫಾ 3 ಅಡಿ, ಟೀಪಾಯಿ ಮತ್ತು ಅದರ ಮುಂದಿನ ಸಂದು ಮೂರೂವರೆ, ಟಿವಿ ಯೂನಿಟ್ ಒಂದೂಕಾಲು ಹೋದರೆ ಬಾಲ್ಕನಿಗೆ ನಡೆಯಲು 3 ಅಡಿಗೂ ಸ್ವಲ್ಪ ಹೆಚ್ಚು ಉಳಿಯುತ್ತದೆ.

ಪರದೆ_ಅಳತೆ:
ಜಾಗದ ಬಗ್ಗೆ ಮೇಲಿನವರ ಮಾತಿಗೆ ನನ್ನದೂ ಒಪ್ಪಿಗೆ. ಎತ್ತರ ಹೇಳ್ತೀನಿ.

ಸೋಫಾದಲ್ಲಿ ಕೂತಾಗ ದೊಡ್ಡವರ ಕಣ್ಣು ನೆಲದಿಂದ ಸುಮಾರು 40–42 ಇಂಚು. ಪರದೆಯ ಮಧ್ಯ ಅಲ್ಲಿಗೆ ಬರಬೇಕು. 55 ಇಂಚಿನ ಟಿವಿಯ ಎತ್ತರ ಸುಮಾರು 27 ಇಂಚು, ಅಂದರೆ ಕೆಳ ಅಂಚು ನೆಲದಿಂದ 27–28 ಇಂಚಿಗೆ. ಬಿಲ್ಡರ್ ಪಾಯಿಂಟ್ ನಂಬಿ ಐದೂವರೆ ಅಡಿಗೆ ಮಧ್ಯ ಇಟ್ಟರೆ ಮೇಲಂಚು ಕಣ್ಣಿಗಿಂತ 3 ಅಡಿ ಮೇಲೆ ಹೋಗುತ್ತೆ. ಎರಡು ಗಂಟೆ ಸಿನಿಮಾ ನೋಡಿದರೆ ಕುತ್ತಿಗೆ ಹಿಡಿಯುತ್ತೆ.

ಇನ್‌ಸ್ಟಾಲ್ ಮಾಡೋರು ತಪ್ಪುವ ಜಾಗ ಒಂದಿದೆ. ಟಿವಿ ಹಿಂದಿನ ನಾಲ್ಕು ವೆಸಾ ತೂತುಗಳ (ಬ್ರಾಕೆಟ್ ಸ್ಕ್ರೂ ಹಾಕುವ ತೂತುಗಳು) ಮಧ್ಯ ಬಹಳ ಮಾಡೆಲ್‌ಗಳಲ್ಲಿ ಟಿವಿಯ ಮಧ್ಯ ಅಲ್ಲ, ಕೆಲವು ಇಂಚು ಕೆಳಗೋ ಮೇಲೋ ಇರುತ್ತೆ. ಬ್ರಾಕೆಟ್ ಮಧ್ಯವನ್ನೇ 41 ಇಂಚಿಗೆ ಗುರುತು ಹಾಕಿದರೆ ಟಿವಿ ಅಷ್ಟು ಏರುತ್ತೆ ಇಲ್ಲವೇ ಇಳಿಯುತ್ತೆ. ಕೆಳ ಅಂಚಿನಿಂದ ಕೆಳಗಿನ ತೂತಿಗೆ ಎಷ್ಟು ಅಂತ ಅಳೆದು, ಅದಕ್ಕೆ 27 ಕೂಡಿಸಿ ಗುರುತು ಹಾಕಿಸಿ.

ದೂರ: ಪರದೆಯಿಂದ ಕಣ್ಣಿಗೆ ಸುಮಾರು 9 ಅಡಿ ಸಿಗುತ್ತೆ. ಫೋರ್‌ಕೆ ಚಿತ್ರಕ್ಕೆ ಕರ್ಣದ 1.2ರಿಂದ 1.6 ಪಟ್ಟು ಹಿತ, ಅಂದರೆ 55 ಇಂಚಿಗೆ ಐದೂವರೆಯಿಂದ ಏಳೂಕಾಲು ಅಡಿ. ನಿಮ್ಮದು ಸ್ವಲ್ಪ ದೂರವೇ ಆಯ್ತು, ಸಬ್‌ಟೈಟಲ್ ಚಿಕ್ಕದಾಗಿ ಕಾಣಬಹುದು. ಕೇಬಲ್ ಚಾನೆಲ್‌ಗೆ ತೊಂದರೆ ಇಲ್ಲ. ಪ್ಯಾನೆಲ್ ಮಾಡಿಸುವಾಗ ಟಿವಿಗೆ 5 ಅಡಿ ಅಗಲ ಖಾಲಿ ಬಿಡಿಸಿ, ಮುಂದೆ 65 ಇಂಚಿನದು ತಂದರೂ ಹಿಡಿಸುತ್ತೆ.

ಹೊಸಮನೆ_ಕೆಂಗೇರಿ:
ಇಬ್ಬರಿಗೂ ಧನ್ಯವಾದ. ಪರದೆ ರಾಡ್‌ಗೆ ಡ್ರಿಲ್ ಮಾಡಿದಾಗ ಬಿಳಿ ಪುಡಿ ಬಂತು. ಅಂದ್ರೆ ಗೋಡೆ ಎಂಥದ್ದು? ಕಾರ್ಪೆಂಟರ್ 18 ಎಂಎಂ ಪ್ಲೈಗೇ ಬ್ರಾಕೆಟ್ ಹೊಡೀತೀನಿ ಅಂತಾರೆ. ಸಾಕಾಗುತ್ತಾ?

ಗಾರೆಕೋಲು:
ಮೇಲಿನ ಅರ್ಧ ಇಂಚು ಜಿಪ್ಸಮ್ ಪ್ಲಾಸ್ಟರ್ ಇದ್ದರೂ ಬಿಳಿ ಪುಡಿಯೇ ಬರುತ್ತದೆ. ಅದರಾಚೆ ಏನು ಬರುತ್ತದೆ ನೋಡಿ. ಕೆಂಪು ಬಂದರೆ ಇಟ್ಟಿಗೆ. ಬೂದು ಬಣ್ಣ ಬಂದು ಡ್ರಿಲ್ ಕಷ್ಟಪಟ್ಟರೆ ಕಾಂಕ್ರೀಟ್. ಬಿಳಿ–ಬೂದು ಮೆದು ಪುಡಿ ಬಂದು ಡ್ರಿಲ್ ಸರಾಗ ಇಳಿದರೆ ಎಎಸಿ ಬ್ಲಾಕ್, ಅಂದರೆ ಒಳಗೆ ಗಾಳಿಗುಳ್ಳೆಗಳಿರುವ ಹಗುರ ಸಿಮೆಂಟ್ ಬ್ಲಾಕ್. ಎಎಸಿಯಲ್ಲಿ ಟಿವಿ ಡಬ್ಬಿಯೊಳಗೆ ಬರುವ, ಸ್ಕ್ರೂ ಹಿಡಿಯುವ ಚಿಕ್ಕ ಪ್ಲಾಸ್ಟಿಕ್ ಪ್ಲಗ್ ನಿಲ್ಲದು. ಮೊದಲು ಬಿಗಿಯಾಗಿದ್ದರೂ ಟಿವಿಯನ್ನು ಅತ್ತಿತ್ತ ಅಲ್ಲಾಡಿಸುತ್ತ ಹೋದಂತೆ ತೂತು ಹಿಗ್ಗುತ್ತದೆ.

ಪ್ಲೈಗೆ ಮಾತ್ರ ಬ್ರಾಕೆಟ್ ಹೊಡೆಯಲು ಬಿಡಬೇಡಿ, ಭಾರವನ್ನು ಗೋಡೆ ಹೊರಬೇಕು. ಪ್ಯಾನೆಲ್ ಹಿಂದೆ 2 ಇಂಚಿನ ರೀಪರ್ (ಮರದ ಪಟ್ಟಿ) ಹಾಕುತ್ತಾರಲ್ಲ, ಬ್ರಾಕೆಟ್ ಬರುವ ಜಾಗದಲ್ಲಿ ಆ ಟೊಳ್ಳಿಗೆ ಗಟ್ಟಿ ಮರದ ತುಂಡು ತುಂಬಿಸಿ. 10 ಮಿ.ಮೀ. ದಪ್ಪ, 140 ಮಿ.ಮೀ. ಉದ್ದದ ನೈಲಾನ್ ಫ್ರೇಮ್ ಪ್ಲಗ್ (ಉದ್ದ ಸ್ಕ್ರೂ ಇರುವ ಪ್ಲಗ್) ಪ್ಲೈ ಮತ್ತು ಮರದ ಮೂಲಕ ಹಾದು ಗೋಡೆಯೊಳಗೆ ಸುಮಾರು 70 ಮಿ.ಮೀ. ಹೋಗುತ್ತದೆ. ಬ್ಲಾಕ್ 4 ಇಂಚಿನದಾದರೆ ಆಚೆ ಬೆಡ್‌ರೂಮಿಗೆ ತೂರುವುದಿಲ್ಲ. 6 ಪ್ಲಗ್ ಹಾಕಿಸಿ. ಎಎಸಿಯಲ್ಲಿ ಡ್ರಿಲ್ಲಿನ ಹ್ಯಾಮರ್ ಆಫ್ ಇರಲಿ, ಹ್ಯಾಮರ್ ಹೊಡೆದರೆ ತೂತು ಅಗಲವಾಗಿ ಪ್ಲಗ್ ಸುತ್ತುತ್ತಲೇ ಇರುತ್ತದೆ. ಸೋಫಾಕ್ಕೆ ನೇರ ಎದುರಾದ್ದರಿಂದ ಫಿಕ್ಸೆಡ್ ಬ್ರಾಕೆಟ್ ಸಾಕು. ಎಳೆದು ತಿರುಗಿಸುವ ತೋಳಿನ ಬ್ರಾಕೆಟ್ ಇಂಥ ಗೋಡೆಗೆ ಬೇಡ.

ತಂತಿಕೆಲಸ:
ವೈರಿಂಗ್ ಬಗ್ಗೆ. ಪ್ಯಾನೆಲ್ ಬರುವುದರಿಂದ ಗೋಡೆ ಕೊರೆಯುವ ಅಗತ್ಯವೇ ಇಲ್ಲ, ಆ 2 ಇಂಚಿನ ಟೊಳ್ಳಿನಲ್ಲೇ ಎಲ್ಲ ಹೋಗುತ್ತೆ. ಆದರೆ ಪ್ಲೈ ಹಿಂದೆ ಬರೀ ವೈರ್ ಬಿಡಬಾರದು, 1.5 ಚದರ ಮಿ.ಮೀ. ವೈರನ್ನು ಪಿವಿಸಿ ಕಂಡ್ಯೂಟ್‌ನಲ್ಲೇ ಎಳೆಸಿ. ಹಳೇ ಪಾಯಿಂಟ್‌ನ ಬಾಕ್ಸನ್ನು ಪ್ಯಾನೆಲ್ ಒಳಗೆ ಮುಚ್ಚಿಬಿಡಬೇಡಿ. ಜಾಯಿಂಟ್ ಅಲ್ಲೇ ಇರುತ್ತೆ, ಮೇಲೆ ಖಾಲಿ ಪ್ಲೇಟ್ ಹಾಕಿ ಬಿಚ್ಚುವ ಹಾಗಿರಲಿ.

ಟಿವಿ ಹಿಂದೆ 6 ಆ್ಯಂಪಿಯರ್‌ನ 2 ಸಾಕೆಟ್, ಬ್ರಾಕೆಟ್‌ಗೆ ಅಡ್ಡ ಬರದಂತೆ ಪಕ್ಕಕ್ಕೆ. ಕೆಳಗೆ ಯೂನಿಟ್ ಹಿಂದೆ 4: ಸೆಟ್‌ಟಾಪ್ ಬಾಕ್ಸ್, ಸೌಂಡ್‌ಬಾರ್, ರೌಟರ್, ಇನ್ನೊಂದು ಸ್ಪೇರ್. ಫಿಕ್ಸೆಡ್ ಬ್ರಾಕೆಟ್‌ನಲ್ಲಿ ಟಿವಿ ಹಿಂದೆ ಒಂದೆರಡು ಇಂಚು ಮಾತ್ರ ಜಾಗ ಇರೋದರಿಂದ ಮೇಲಿನ ಸಾಕೆಟ್ ಬಾಕ್ಸ್ ಪ್ಲೈ ಒಳಗೆ ತಗ್ಗಿ ಕೂರಬೇಕು, ಇಲ್ಲದಿದ್ದರೆ ಪ್ಲಗ್ ಟಿವಿಗೆ ಒತ್ತುತ್ತೆ.

ಮೇಲಿಂದ ಕೆಳಕ್ಕೆ ಎಚ್‌ಡಿಎಂಐಗೆ ಅಂತಲೇ 40 ಮಿ.ಮೀ. ಪೈಪ್ ಬೇರೆ ಹಾಕಿಸಿ. ಕರೆಂಟ್ ವೈರ್ ಅದರಲ್ಲಿ ಬೇಡ. ಒಂದು ಇಂಚಿನ ಪೈಪ್‌ನ ಎಲ್ಬೋದಲ್ಲಿ ಎಚ್‌ಡಿಎಂಐ ಪಿನ್ ತಿರುಗದೆ ಸಿಕ್ಕಿಕೊಳ್ಳುತ್ತೆ. ಪೈಪ್ ಒಳಗೆ ಒಂದು ನೈಲಾನ್ ದಾರ ಬಿಟ್ಟಿರಿ, ಮುಂದೆ ಕೇಬಲ್ ಎಳೆಯಲು ಬೇಕಾಗುತ್ತೆ. ಸೆಟ್‌ಟಾಪ್ ಬಾಕ್ಸ್‌ನ ರಿಮೋಟ್ ಇನ್‌ಫ್ರಾರೆಡ್ ಆಗಿದ್ದರೆ ಯೂನಿಟ್‌ಗೆ ಮರದ ಬಾಗಿಲು ಬೇಡ, ಗಾಜಿಂದು ಇರಲಿ ಅಥವಾ ತೆರೆದೇ ಇರಲಿ.

ಗುಡುಗು–ಮಿಂಚಿಗೆ ಸ್ಪೈಕ್ ಗಾರ್ಡ್ ಒಂದನ್ನೇ ನಂಬಬೇಡಿ. ಮೇಲೆ ಡಿಶ್ ಇದ್ದರೆ ಅದರ ಕೇಬಲ್‌ನಿಂದಲೂ ಸರ್ಜ್ (ಹಠಾತ್ ವೋಲ್ಟೇಜ್ ಏರಿಕೆ) ಒಳಗೆ ಬರುತ್ತೆ. ಪವರ್ ಪ್ಲಗ್ ಜೊತೆಗೆ ಅದನ್ನೂ ಬಾಕ್ಸ್‌ನಿಂದ ತಿರುಗಿಸಿ ಬಿಚ್ಚುವಷ್ಟು ಕೈ ಹೋಗುವ ಜಾಗ ಯೂನಿಟ್ ಹಿಂದೆ ಬಿಡಿಸಿ.

ಪರದೆ_ಅಳತೆ:
ಒಂದು ಬಿಟ್ಟುಹೋಗಿತ್ತು. ಕಾರ್ಪೆಂಟರ್ ಬರುವ ಮುಂಚೆ 48x27 ಇಂಚಿಗೆ ಪತ್ರಿಕೆ ಹಾಳೆ ಅಂಟಿಸಿ, ಕೆಳ ಅಂಚು 27 ಇಂಚಿಗೆ ಬರುವಂತೆ ಗೋಡೆಗೆ ಮಾಸ್ಕಿಂಗ್ ಟೇಪ್‌ನಲ್ಲಿ ಹಚ್ಚಿ. ಸೋಫಾ, ದಿವಾನ್ ಬರುವ ಜಾಗದಲ್ಲಿ ಕುರ್ಚಿ ಹಾಕಿ ಕೂತು ನೋಡಿ, ಅಮ್ಮನನ್ನೂ ಕೂರಿಸಿ. ಸಂಜೆ 5ಕ್ಕೆ ಒಂದು ಕನ್ನಡಿಯನ್ನು ಹಾಳೆಯ ಮೇಲೆ ಅಲ್ಲಲ್ಲಿ ಹಿಡಿಸಿ. ಕೂತಲ್ಲಿಂದ ಕನ್ನಡಿಯಲ್ಲಿ ಬಾಲ್ಕನಿ ಬಾಗಿಲೋ ಟ್ಯೂಬ್‌ಲೈಟೋ ಕಂಡರೆ ಟಿವಿಯಲ್ಲೂ ಕಾಣುತ್ತೆ. ಟ್ಯೂಬ್‌ಲೈಟ್ ಉತ್ತರದ ಗೋಡೆಯಲ್ಲಿದ್ದರೆ ಪ್ಯಾನೆಲ್ ಕೆಲಸದ ಜೊತೆಗೇ ಅದನ್ನು ದಕ್ಷಿಣದ ಗೋಡೆಗೆ, ಟಿವಿಯ ಮೇಲ್ಗಡೆಗೆ ಬದಲಾಯಿಸಿ.