ಮೂರನೇ ಕ್ಯಾಮೆರಾ ಸ್ವಿಚರ್‌ನಲ್ಲಿ ಕಪ್ಪು, ಟಿವಿಗೆ ಹಾಕಿದರೆ ಚಿತ್ರ ಬರುತ್ತೆ. ಸಂಜೆ ಯಕ್ಷಗಾನ ಆಟದ ಲೈವ್ ಇದೆ!

ರಂಗಸ್ಥಳ_ಲೈವ್, ಮಧ್ಯಾಹ್ನ 1:50
ಮೂರು ಕ್ಯಾಮೆರಾ ಲೈವ್. ಒಂದು, ಎರಡು ಸರಿ ಇವೆ. ಮೂರನೆಯದ್ದು ಸ್ವಿಚರ್‌ನಲ್ಲಿ (ಯಾವ ಕ್ಯಾಮೆರಾ ಹೋಗಬೇಕು ಅಂತ ಆಯುವ ಪೆಟ್ಟಿಗೆ) ಬರೀ ಕಪ್ಪು. ಅದೇ ಕ್ಯಾಮೆರಾ ನೇರ ಟಿವಿಗೆ ಹಾಕಿದರೆ ಚಿತ್ರ ಚೊಕ್ಕ ಬರುತ್ತೆ. ಸ್ವಿಚರ್ ಆಫ್ ಮಾಡಿ ಆನ್ ಮಾಡಿ ಆಯ್ತು, ಇನ್‌ಪುಟ್ ಬದಲಿಸಿ ಆಯ್ತು. ಎಲ್ಲಾ ಕ್ಯಾಮೆರಾ ಫುಲ್ ಎಚ್‌ಡಿಯಲ್ಲೇ ಇವೆ. 6ಕ್ಕೆ ಚೌಕಿಪೂಜೆ, 7ಕ್ಕೆ ಲೈವ್. ಬೇಗ ಹೇಳಿ ಮಾರಾಯ್ರೆ.

ಬಿಎನ್‌ಸಿ_75, 1:58
ಕೇಬಲ್. ಮೂರನೇ ಕ್ಯಾಮೆರಾ ಎಷ್ಟು ದೂರದಲ್ಲಿದೆ, ಯಾವ ಕೇಬಲ್ ಎಳೆದಿದ್ದೀರಿ ಹೇಳಿ.

ರಂಗಸ್ಥಳ_ಲೈವ್, 2:03
ಜನರ ಹಿಂದೆ, ಕೇಬಲ್ 70 ಮೀಟರ್. ಸಿಸಿಟಿವಿಯವರು ಹಾಕುವ ಆರ್‌ಜಿ59. ನಡುವೆ ಒಂದು ಜಾಯಿಂಟ್ ಇದೆ.

ಬಿಎನ್‌ಸಿ_75, 2:06
ಅಲ್ಲೇ ಸಿಕ್ಕಿತು ನೋಡಿ. ಆ ಕೇಬಲ್ ಮಾಡಿದ್ದು ಅನಲಾಗ್ ಸಿಗ್ನಲ್‌ಗೆ, ಅಂದರೆ ಕೆಲವೇ ಮೆಗಾಹರ್ಟ್ಸ್‌ಗೆ. ನಿಮ್ಮದು ಎಸ್‌ಡಿಐ, ಅಂದರೆ ಕೇಬಲ್‌ನಲ್ಲಿ ಹೋಗುವ ಡಿಜಿಟಲ್ ವಿಡಿಯೋ: ಎಚ್‌ಡಿ-ಎಸ್‌ಡಿಐ ಸೆಕೆಂಡಿಗೆ 1.485 ಗಿಗಾಬಿಟ್, 3ಜಿ-ಎಸ್‌ಡಿಐ 2.97 ಗಿಗಾಬಿಟ್. ಮೇಲಾಗಿ ಅಗ್ಗದ್ದರಲ್ಲಿ ಒಳಗಿನ ತಂತಿ ಹೆಚ್ಚಾಗಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಬೇರೇನೂ ಹುಡುಕಬೇಡಿ, ಆರ್‌ಜಿ6 ತರಿಸಿ.

ಮಲೆನಾಡ_ಮಿಕ್ಸರ್, 2:11
ಕೇಬಲ್ ತರಿಸುವ ಮೊದಲು ಒಂದೇ ಪರೀಕ್ಷೆ. ಒಂದನೇ ಕ್ಯಾಮೆರಾದ ಹತ್ತಿರದ ಕೇಬಲ್ ಕಳಚಿ ಮೂರನೇ ಕ್ಯಾಮೆರಾಕ್ಕೆ ಹಾಕಿ ನೋಡಿ. ಆಗಲೂ ಕಪ್ಪು ಬಂದರೆ ಕೇಬಲ್ ಕಾರಣ ಅಲ್ಲ. ಜೊತೆಗೆ ಮೂರು ಕ್ಯಾಮೆರಾಗಳ ಮಾಡೆಲ್, ಸ್ವಿಚರ್ ಮಾಡೆಲ್, ಸ್ವಿಚರ್‌ನಲ್ಲಿ ಇಟ್ಟಿರುವ ವಿಡಿಯೋ ಫಾರ್ಮ್ಯಾಟ್ ಬರೆಯಿರಿ. "ಫುಲ್ ಎಚ್‌ಡಿ" ಅಂದರೆ ಸಾಲದು. 1080ಐ50, 1080ಪಿ25, 1080ಪಿ50, 1080ಪಿ59.94 ಎಲ್ಲವೂ ಫುಲ್ ಎಚ್‌ಡಿಯೇ. ಸ್ವಿಚರ್‌ಗೆ ಅವು ನಾಲ್ಕೂ ಬೇರೆ ಬೇರೆ. ಪಿ ಅಂದರೆ ಪ್ರೋಗ್ರೆಸಿವ್, ಪೂರ್ತಿ ಫ್ರೇಮ್ ಒಟ್ಟಿಗೆ; ಐ ಅಂದರೆ ಇಂಟರ್ಲೇಸ್, ಫ್ರೇಮ್ ಎರಡು ಅರ್ಧವಾಗಿ (ಫೀಲ್ಡ್) ಹೋಗುತ್ತದೆ; ಕೊನೆಯ ಅಂಕಿ ಸೆಕೆಂಡಿಗೆ ಎಷ್ಟು ಅಂತ.

ಬಿಎನ್‌ಸಿ_75, 2:14
70 ಮೀಟರ್ ಆರ್‌ಜಿ59, ನಡುವೆ ಜಾಯಿಂಟ್. ಇದರ ಮೇಲೆ ಪರೀಕ್ಷೆ ಏನು ಬೇಕು? ಅಲ್ಯೂಮಿನಿಯಂ ಕೋರ್ ಇದ್ದರೆ 3ಜಿ ಹೋಗೋದೇ ಇಲ್ಲ.

ಪಿ50_ಮಾತ್ರ, 2:19
ಆ ಕೊನೇ ಮಾತು ತಪ್ಪು. 750 ಮೆಗಾಹರ್ಟ್ಸ್‌ನಲ್ಲಿ ಕರೆಂಟ್ ಹರಿಯುವುದು ತಂತಿಯ ಮೇಲ್ಮೈಯ ಸುಮಾರು 2.4 ಮೈಕ್ರಾನ್ ಪದರದಲ್ಲಿ. ಅಷ್ಟಕ್ಕೆ ತಾಮ್ರದ ಲೇಪನ ಸಾಕು. ಅಗ್ಗದ ಕೇಬಲ್ ಸೋಲುವುದು ಒಳಗಿನ ಫೋಮ್ ಕಳಪೆ, ಹೆಣೆದ ಶೀಲ್ಡ್ ವಿರಳ ಅಂತ.

ಬಿಎನ್‌ಸಿ_75, 2:24
ಕಾರಣ ಯಾವುದೇ ಆಗಲಿ, ಕೇಬಲ್ ಸೋಲುತ್ತೆ ಅಂತ ನೀವೇ ಹೇಳಿದಿರಿ.

ರಂಗಸ್ಥಳ_ಲೈವ್, 2:41
ಹತ್ತಿರದ 8 ಮೀಟರ್ ಕೇಬಲ್ ಹಾಕಿದೆ. ಆಗಲೂ ಕಪ್ಪು.
ಸ್ವಿಚರ್ ಏಟೆಮ್ ಟೆಲಿವಿಷನ್ ಸ್ಟುಡಿಯೋ ಎಚ್‌ಡಿ, 1080ಪಿ50. ಒಂದು, ಎರಡು ಸೋನಿ ಜಡ್150, ನೇರ ಎಸ್‌ಡಿಐ. ಮೂರನೆಯದ್ದು ಸೋನಿ ಎ7-3, ಬಾಡಿಗೆಗೆ ತಂದದ್ದು. ಅದಕ್ಕೆ ಎಚ್‌ಡಿಎಂಐಯಿಂದ ಎಸ್‌ಡಿಐ ಮಾಡುವ ಸಣ್ಣ ಕನ್ವರ್ಟರ್ ಇದೆ. ಕನ್ವರ್ಟರ್ ಇರೋದರಿಂದ ಫಾರ್ಮ್ಯಾಟ್ ತೊಂದರೆ ಇರಲ್ಲ ಅಲ್ವಾ?

ಮಲೆನಾಡ_ಮಿಕ್ಸರ್, 2:47
ಇರುತ್ತೆ. ಆ ಸಣ್ಣ ಕನ್ವರ್ಟರ್ ಪ್ಲಗ್ ಬದಲಿಸುತ್ತದೆ, ಫಾರ್ಮ್ಯಾಟ್ ಬದಲಿಸುವುದಿಲ್ಲ. ಒಳಗೆ 59.94 ಬಂದರೆ ಹೊರಗೂ 59.94. ನಿಮ್ಮ ಸ್ವಿಚರ್ ಪ್ರತಿ ಇನ್‌ಪುಟ್‌ನ ಫ್ರೇಮ್ ಸಮಯ ಹೊಂದಿಸಿಕೊಳ್ಳುತ್ತದೆ, ಆದರೆ ಫಾರ್ಮ್ಯಾಟ್ ಬೇರೆಯಾದರೆ ಕಪ್ಪು ತೋರಿಸುತ್ತದೆ. ಟಿವಿ 50, 60 ಎರಡನ್ನೂ ಒಪ್ಪಿಕೊಳ್ಳುತ್ತದೆ, ಅದಕ್ಕೇ ಅಲ್ಲಿ ಚಿತ್ರ ಬಂತು.

ಎ7-3 ಆಫ್ ಮಾಡಿ ಆನ್ ಮಾಡಿ, ಪರದೆಯಲ್ಲಿ ಎನ್‌ಟಿಎಸ್‌ಸಿಯಲ್ಲಿ (60ರ ಅಮೆರಿಕ ಪದ್ಧತಿ; ನಮ್ಮ 50ರದ್ದು ಪಾಲ್) ನಡೆಯುತ್ತಿದೆ ಎಂಬ ಸಾಲು ಬರುತ್ತದಾ ನೋಡಿ. ಬರದಿದ್ದರೆ ವಿಡಿಯೋ ರೆಕಾರ್ಡ್ ಸೆಟ್ಟಿಂಗ್ ತೆರೆಯಿರಿ. ಅಲ್ಲಿ 60ಪಿ, 30ಪಿ ಕಂಡರೆ ಎನ್‌ಟಿಎಸ್‌ಸಿ. 50ಪಿ, 25ಪಿ ಕಂಡರೆ ಪಾಲ್.

ರಂಗಸ್ಥಳ_ಲೈವ್, 2:55
60ಪಿ, 30ಪಿ, 120ಪಿ ಇದೆ! ಮೊದಲು ಬಾಡಿಗೆಗೆ ತಗೊಂಡವರು ಹಾಗೆ ಇಟ್ಟು ಕೊಟ್ಟಿದ್ದಾರೆ.

ಮಲೆನಾಡ_ಮಿಕ್ಸರ್, 2:59
ಹಾಗಾದರೆ ಕ್ರಮವಾಗಿ ಮಾಡಿ. ಕಾರ್ಡ್‌ನಲ್ಲಿ ಏನಾದರೂ ಇದ್ದರೆ ಮೊದಲು ಕಾಪಿ ಮಾಡಿಕೊಳ್ಳಿ, ಯಾಕಂದ್ರೆ ವ್ಯವಸ್ಥೆ ಬದಲಾದ ಮೇಲೆ ಅದು ಕಾರ್ಡ್ ಫಾರ್ಮ್ಯಾಟ್ ಕೇಳುತ್ತದೆ. ಸೆಟಪ್ ಮೆನುವಿನಲ್ಲಿ ಎನ್‌ಟಿಎಸ್‌ಸಿ/ಪಾಲ್ ಆಯ್ಕೆ, ಪಾಲ್ ಮಾಡಿ. ಆಮೇಲೆ ರೆಕಾರ್ಡ್ ಸೆಟ್ಟಿಂಗ್ 50ಪಿ, ಎಚ್‌ಡಿಎಂಐ ರೆಸಲ್ಯೂಷನ್ ಆಟೋದಿಂದ ತೆಗೆದು 1080ಪಿ, ಎಚ್‌ಡಿಎಂಐ ಇನ್ಫೋ ಡಿಸ್ಪ್ಲೇ ಆಫ್. ಕೊನೆಯದ್ದು ಮರೆತರೆ ಬ್ಯಾಟರಿ ಗುರುತು, ಐಎಸ್‌ಒ ಅಂಕಿ ಎಲ್ಲಾ ಲೈವ್‌ನಲ್ಲಿ ಕಾಣುತ್ತದೆ.

ಶಟರ್ 1/60 ಇದ್ದರೆ 1/50 ಅಥವಾ 1/100 ಮಾಡಿ. ನಮ್ಮ ಕರೆಂಟ್ 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. 1/60ರಲ್ಲಿ ಚಿತ್ರದ ಒಂದೊಂದು ಸಾಲಿಗೆ ಒಂದೊಂದು ಅಳತೆಯ ಬೆಳಕು ಬಿದ್ದು ಪಟ್ಟೆ ಕಾಣುತ್ತದೆ.

ರಂಗಸ್ಥಳ_ಲೈವ್, 3:20
8 ಮೀಟರ್ ಕೇಬಲ್‌ನಲ್ಲಿ ಚಿತ್ರ ಬಂತು! ಆದರೆ 70 ಮೀಟರ್ ಕೇಬಲ್ ಹಾಕಿದರೆ ಬಿಳಿ ಚುಕ್ಕಿ ಸಿಡಿದ ಹಾಗೆ ಬರುತ್ತೆ, ನಾಲ್ಕೈದು ಸೆಕೆಂಡಿಗೊಮ್ಮೆ ಪೂರ್ತಿ ಕಪ್ಪಾಗಿ ಮತ್ತೆ ಬರುತ್ತೆ.

ಬಿಎನ್‌ಸಿ_75, 3:22
ಇದು ಕೇಬಲ್. ಈಗಲಾದರೂ ಒಪ್ಪಿ.

ಮಲೆನಾಡ_ಮಿಕ್ಸರ್, 3:27
ಇದು ಕೇಬಲ್ಲೇ, ಒಪ್ಪಿದೆ. ಎರಡು ತೊಂದರೆ ಒಂದರ ಹಿಂದೆ ಒಂದು ಇದ್ದವು. ಎಸ್‌ಡಿಐ ಅನಲಾಗ್‌ನಂತೆ ನಿಧಾನಕ್ಕೆ ಮಸುಕಾಗುವುದಿಲ್ಲ. ಅಂಚಿನವರೆಗೂ ಚೊಕ್ಕ, ದಾಟಿದ ಕೂಡಲೇ ಚುಕ್ಕಿ, ಇನ್ನೈದು ಮೀಟರ್ ಹೋದರೆ ಕಪ್ಪು. ನೀವು ಅಂಚಿನ ಮೇಲಿದ್ದೀರಿ.

ಬಿಎನ್‌ಸಿ_75, 3:33
ಮೊದಲು ನಡುವಿನ ಜಾಯಿಂಟ್ ಬಿಚ್ಚಿ ನೋಡಿ. ಬಿಎನ್‌ಸಿ, ಅಂದರೆ ಈ ಕೇಬಲ್‌ನ ಪ್ಲಗ್, 50 ಓಮ್‌ದೂ ಇರುತ್ತದೆ, 75 ಓಮ್‌ದೂ ಇರುತ್ತದೆ, ಎರಡೂ ಒಂದಕ್ಕೊಂದು ಕೂರುತ್ತವೆ. ಬಾಯಿಯೊಳಗೆ ನಡುವಿನ ಪಿನ್ ಸುತ್ತ ದಪ್ಪ ಬಿಳಿ ಪ್ಲಾಸ್ಟಿಕ್ ಕೊಳವೆ ಕಂಡರೆ ಅದು 50 ಓಮ್, ಬದಲಿಸಿ. 75ರಲ್ಲಿ ಪಿನ್ ಸುತ್ತ ಹೆಚ್ಚಾಗಿ ಖಾಲಿ ಜಾಗ. ಹೆಣಿಗೆಯ ಒಂದೇ ಒಂದು ಎಳೆ ಒಳಗಿನ ಪಿನ್‌ಗೆ ತಾಗುತ್ತಿದೆಯಾ ಅಂತಲೂ ಬೆಳಕಿಗೆ ಹಿಡಿದು ನೋಡಿ. ಕೇಬಲ್ ಉಳಿದದ್ದನ್ನು ಸುರುಳಿ ಮಾಡಿ ಇಟ್ಟಿದ್ದರೆ ಅದನ್ನು ಕತ್ತರಿಸಿ ಹೊಸ ಪ್ಲಗ್ ಹಾಕಿ. 10 ಮೀಟರ್ ಕಡಿಮೆಯಾದರೂ ಉಪಕಾರ.

ಮಲೆನಾಡ_ಮಿಕ್ಸರ್, 3:38
ಅದರ ಜೊತೆಗೆ ಇಡೀ ವ್ಯವಸ್ಥೆಯನ್ನು 1080ಐ50ಗೆ ಇಳಿಸಿ. ವೇಗ 2.97ರಿಂದ 1.485ಕ್ಕೆ ಬರುತ್ತದೆ. ಕೇಬಲ್‌ನ ನಷ್ಟ ಹೆಚ್ಚುಕಡಿಮೆ ಆವರ್ತನದ ವರ್ಗಮೂಲದಂತೆ ಏರುವುದರಿಂದ ದೂರ ಎರಡು ಪಟ್ಟಾಗುವುದಿಲ್ಲ, ಸುಮಾರು 1.4 ಪಟ್ಟು. ನಿಮಗೆ ಅಷ್ಟು ಸಾಕು.
ಸ್ವಿಚರ್‌ನ ಚಿತ್ರವನ್ನು ಕಂಪ್ಯೂಟರ್‌ಗೆ ತರುವ ಕ್ಯಾಪ್ಚರ್ ಕಾರ್ಡ್ ಯಾವುದು?

ರಂಗಸ್ಥಳ_ಲೈವ್, 3:42
ಡೆಕ್‌ಲಿಂಕ್ ಮಿನಿ ರೆಕಾರ್ಡರ್. ಕಂಪ್ಯೂಟರ್ ಇನ್ನೂ ಜೋಡಿಸಿಲ್ಲ.

ಮಲೆನಾಡ_ಮಿಕ್ಸರ್, 3:45
ಒಳ್ಳೆಯದಾಯ್ತು ಕೇಳಿದ್ದು. ಆ ಕಾರ್ಡ್ 1080ರಲ್ಲಿ 1080ಪಿ30 ದಾಟುವುದಿಲ್ಲ. 1080ಪಿ50 ಕೊಟ್ಟಿದ್ದರೆ 7 ಗಂಟೆಗೆ ಓಬಿಎಸ್‌ನಲ್ಲಿ (ಲೈವ್ ಕಳಿಸುವ ಸಾಫ್ಟ್‌ವೇರ್) ಏನೂ ಬರುತ್ತಿರಲಿಲ್ಲ. 1080ಐ50 ಅದಕ್ಕೆ ಸಲೀಸು.

ಸ್ವಿಚರ್‌ನ ಫಾರ್ಮ್ಯಾಟ್ ಬದಲಿಸಿದರೆ ಮೀಡಿಯಾ ಪೂಲ್, ಅಂದರೆ ಅದರಲ್ಲಿ ತುಂಬಿಟ್ಟ ಚಿತ್ರಗಳು, ಅಳಿಸಿಹೋಗುತ್ತದೆ. ಮೇಳದ ಲೋಗೋ, ಪ್ರಾಯೋಜಕರ ಪಟ್ಟಿ ಮತ್ತೆ ತುಂಬಿಸಲು ಕಾಲು ಗಂಟೆ ಇಟ್ಟುಕೊಳ್ಳಿ. ಜಡ್150 ಎರಡರಲ್ಲೂ ವಿಡಿಯೋ ಔಟ್ 1080ಐ ಮಾಡಿ, ರೆಕಾರ್ಡಿಂಗ್ 50ಪಿ ಅಥವಾ 50ಐ ಇರಲಿ. ರೆಕಾರ್ಡಿಂಗ್ 25ಪಿ ಇದ್ದರೆ ಔಟ್ 1080ಐ50 ಅಂತ ತೋರಿಸಿದರೂ ಎರಡು ಫೀಲ್ಡ್‌ನಲ್ಲೂ ಒಂದೇ ಕ್ಷಣದ ಚಿತ್ರ ಹೋಗುತ್ತದೆ. ಎ7ರಲ್ಲಿ ಎಚ್‌ಡಿಎಂಐ ರೆಸಲ್ಯೂಷನ್ 1080ಐ.

ಪಿ50_ಮಾತ್ರ, 3:51
ಇಂಟರ್ಲೇಸ್ ಯಾಕೆ ಕೊಡ್ತೀರಿ? ತೆಂಕುತಿಟ್ಟಿನ ಪುಂಡುವೇಷ ದಿಗಿಣ ಹಾಕುವಾಗ ಕೈಯ ಅಂಚೆಲ್ಲಾ ಬಾಚಣಿಗೆ ಹಲ್ಲಿನ ಹಾಗೆ ಒಡೆಯುತ್ತದೆ. 720ಪಿ50 ಇಡಿ. ಅದೂ 1.485ರಲ್ಲೇ ಹೋಗುತ್ತದೆ. ಯುರೋಪಿನ ಪ್ರಸಾರ ಒಕ್ಕೂಟ 2004ರಲ್ಲೇ ಪ್ರಸಾರಕ್ಕೆ 720ಪಿ50 ಶಿಫಾರಸು ಮಾಡಿತ್ತು.

ಬಿಎನ್‌ಸಿ_75, 3:56
ನಮ್ಮ ದೇಶದ ಎಚ್‌ಡಿ ಚಾನೆಲ್‌ಗಳೆಲ್ಲಾ 1080ಐ50ರಲ್ಲೇ ಬರುತ್ತವೆ. ಅಮೆರಿಕದಲ್ಲೂ ಎನ್‌ಬಿಸಿ, ಸಿಬಿಎಸ್ 1080ಐ.

ಪಿ50_ಮಾತ್ರ, 3:59
ಅದೇ ಅಮೆರಿಕದಲ್ಲಿ ಎಬಿಸಿ, ಫಾಕ್ಸ್ 720ಪಿ, ಆಟೋಟ ಹೆಚ್ಚು ತೋರಿಸುವವರು. ಲೆಕ್ಕ ಹಾಕಿ: 1920×1080×25 ಅಂದರೆ ಸೆಕೆಂಡಿಗೆ 5.18 ಕೋಟಿ ಪಿಕ್ಸೆಲ್. 1280×720×50 ಅಂದರೆ 4.61 ಕೋಟಿ. ಅಂತರ ಅಷ್ಟೇ. ಯೂಟ್ಯೂಬ್‌ಗೆ ಹೋಗುವುದು ಕೊನೆಗೆ ಪ್ರೋಗ್ರೆಸಿವ್ ತಾನೆ.

ಮಲೆನಾಡ_ಮಿಕ್ಸರ್, 4:04
ಹೊಸದಾಗಿ ಕಟ್ಟುವುದಾದರೆ ನಿಮ್ಮ ಮಾತಿಗೆ ನನ್ನ ಮತ. ಆದರೆ ಎ7-3ರ ಎಚ್‌ಡಿಎಂಐ ಆಯ್ಕೆಯಲ್ಲಿ 720 ಇಲ್ಲ, ಇವತ್ತು ಮೂರೂ ಒಪ್ಪುವುದು 1080ಐ50. ಬಾಚಣಿಗೆ ಹಲ್ಲು ಓಬಿಎಸ್‌ನಲ್ಲಿ ಹೋಗುತ್ತದೆ: ಸೋರ್ಸ್ ಮೇಲೆ ರೈಟ್ ಕ್ಲಿಕ್, ಡಿಇಂಟರ್ಲೇಸಿಂಗ್, ಯಾಡಿಫ್ 2ಎಕ್ಸ್ (ಪ್ರತಿ ಫೀಲ್ಡ್‌ನಿಂದ ಒಂದು ಪೂರ್ತಿ ಫ್ರೇಮ್). ವಿಡಿಯೋ ಸೆಟ್ಟಿಂಗ್‌ನಲ್ಲಿ ಫ್ರೇಮ್ ದರ 50 ಪಾಲ್. ಅದನ್ನು 30ರಲ್ಲೇ ಬಿಟ್ಟರೆ 2ಎಕ್ಸ್ ಹಾಕಿದ್ದು ವ್ಯರ್ಥ. ಕೀಫ್ರೇಮ್ (ಪೂರ್ತಿ ಚಿತ್ರ ಕಳಿಸುವ ಅಂತರ) 2 ಸೆಕೆಂಡ್.

ಹುಬ್ಳಿ_ವಿಡಿಯೋ, 4:30
ನಮ್ಮ ಕಡೆ ಈ ತ್ರಾಸ ಇಲ್ರೀ. ನಾಕು ಜಡ್190, ಏಟೆಮ್ ಎಚ್‌ಡಿ8. ಅದರೊಳಗ ಎಂಟೂ ಇನ್‌ಪುಟ್‌ಗೆ ಕನ್ವರ್ಟರ್ ಅದ, 60 ಕೊಟ್ರೂ ತಗೊಂತದ, 50 ಕೊಟ್ರೂ ತಗೊಂತದ. 100 ಮೀಟರಿನ ನಾಕು ಡ್ರಮ್, ಎರಡು ಯುಪಿಎಸ್, ಟಾಲಿ ಲೈಟ್ ಸೈತ.

ಪಿ50_ಮಾತ್ರ, 4:36
ತಗೊಂಡರೂ 60ನ್ನು 50 ಮಾಡುವಾಗ ಚಲನೆ ಕುಂಟುತ್ತದೆ. ಕ್ಯಾಮೆರಾದಲ್ಲೇ ಸರಿ ಇಡುವುದು ವಾಸಿ.

ರಂಗಸ್ಥಳ_ಲೈವ್, 5:25
ಜಾಯಿಂಟ್ 50 ಓಮ್‌ದೇ ಆಗಿತ್ತು! ಅದನ್ನು ತೆಗೆದು, 12 ಮೀಟರ್ ಕತ್ತರಿಸಿ ಪ್ಲಗ್ ಹಾಕಿದೆ, 1080ಐ50 ಮಾಡಿದೆ. ಮುಕ್ಕಾಲು ಗಂಟೆಯಿಂದ ಒಂದು ಚುಕ್ಕಿ ಇಲ್ಲ. ಬಿಎನ್‌ಸಿ_75 ಅವರಿಗೂ ಮಲೆನಾಡ ಅವರಿಗೂ ಕೈ ಮುಗಿದೆ. ಇನ್ನು ಬಾಡಿಗೆ ಸಹವಾಸ ಬೇಡ, ಮೂರನೇ ಕ್ಯಾಮೆರಾ ಕೊಳ್ಳಬೇಕು. ಸೋನಿ ಎಂಸಿ2500 ಸಾಕಾ?

ಮಲೆನಾಡ_ಮಿಕ್ಸರ್, 5:40
ಬೇಡ. ಅದರಲ್ಲಿ ಎಸ್‌ಡಿಐ ಇಲ್ಲ, ಸೆನ್ಸರ್ ಕಾಲು ಇಂಚು, ರಾತ್ರಿ ರಂಗಸ್ಥಳದ ಬೆಳಕಿಗೆ ನೊಯ್ಸ್ ಬರುತ್ತದೆ. ಸೋನಿ ಎನ್‌ಎಕ್ಸ್100, ಪ್ಯಾನಸೋನಿಕ್ ಯುಎಕ್ಸ್90ರಲ್ಲಿ ಒಂದಿಂಚಿನ ಸೆನ್ಸರ್ ಇದ್ದರೂ ಎಸ್‌ಡಿಐ ಇಲ್ಲ, ಮತ್ತೆ ಕನ್ವರ್ಟರ್ ಬೇಕು.

ನೀವು ಮೊದಲು ನೋಡಬೇಕಾದದ್ದು ಜೂಮ್. ರಂಗಸ್ಥಳದಿಂದ ಕ್ಯಾಮೆರಾಕ್ಕೆ ನೇರ ದೂರವನ್ನು 36ರಿಂದ ಗುಣಿಸಿ, ಲೆನ್ಸ್‌ನ 35 ಎಂಎಂ ಸಮಾನ ಅಂಕಿಯಿಂದ ಭಾಗಿಸಿ. ಫ್ರೇಮಿನ ಅಗಲ ಮೀಟರ್‌ನಲ್ಲಿ ಸಿಗುತ್ತದೆ. 25 ಮೀಟರ್ ದೂರ ಅಂದುಕೊಳ್ಳಿ. ಜಡ್150ರ ಗರಿಷ್ಠ 348, ಅಗಲ 2.6 ಮೀಟರ್: ವೇಷದ ಮೇಲರ್ಧ, ಪಕ್ಕದಲ್ಲಿ ಅರ್ಧ ಭಾಗವತರೂ ಬರುತ್ತಾರೆ. ಪ್ಯಾನಸೋನಿಕ್ ಯುಎಕ್ಸ್180 ಸುಮಾರು 480, ಅಗಲ 1.9. ಜಡ್190 ಗರಿಷ್ಠ 720, ಅಗಲ 1.25: ಬಣ್ಣದ ವೇಷದ ಕಿರೀಟ, ಮುಖ, ಚುಟ್ಟಿ ಫ್ರೇಮ್ ತುಂಬುತ್ತದೆ. ಆದರೆ ಜಡ್190ರ ಸೆನ್ಸರ್ ಇಂಚಿನ ಮೂರನೇ ಒಂದು ಭಾಗ, ಯುಎಕ್ಸ್180ರದ್ದು ಒಂದಿಂಚು. ಜೂಮ್ ಹೆಚ್ಚು ಬೇಕೋ ಸೆನ್ಸರ್ ದೊಡ್ಡದು ಬೇಕೋ ನಿಮ್ಮ ದೂರ ನೋಡಿ. ಜಡ್150 ಅಪರ್ಚರ್ (ಲೆನ್ಸ್‌ನ ಬೆಳಕಿನ ಕಿಂಡಿ) ಪೂರ್ತಿ ಜೂಮ್‌ನಲ್ಲಿ ಎಫ್2.8ರಿಂದ ಎಫ್4.5ಕ್ಕೆ ಕಿರಿದಾಗುತ್ತದೆ ಅನ್ನೋದೂ ನೆನಪಿರಲಿ.

ಹುಬ್ಳಿ_ವಿಡಿಯೋ, 5:52
ಜಡ್190ನೇ ತಗೋರಿ. ಮೂರು ರಿಂಗ್ ಅದಾವ, ಎನ್‌ಡಿ (ಬೆಳಕು ತಗ್ಗಿಸೋ ಫಿಲ್ಟರ್) ಒಳಗs ಅದ.

ರಂಗಸ್ಥಳ_ಲೈವ್, ರಾತ್ರಿ 8:10
ಲೈವ್ ನಡೀತಾ ಇದೆ. ಆದರೆ ವೇಷ ಗಿರಕಿ ಹೊಡೆಯುವಾಗ ಕೈ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಹೋದ ಹಾಗೆ ನಡುಗುತ್ತೆ. ನಿಂತಾಗ ಸರಿ ಇರುತ್ತೆ.

ಪಿ50_ಮಾತ್ರ, 8:12
ಫೀಲ್ಡ್ ಕ್ರಮ ತಿರುವುಮುರುವಾಗಿದೆ. ಡಿಇಂಟರ್ಲೇಸಿಂಗ್ ಮೆನುವಿನ ಕೆಳಗಡೆಯೇ ಇದೆ, ಬಾಟಮ್ ತೆಗೆದು ಟಾಪ್ ಫೀಲ್ಡ್ ಫಸ್ಟ್ ಮಾಡಿ. 1080ಐ ಯಾವಾಗಲೂ ಟಾಪ್ ಮೊದಲು. ಲೈವ್ ನಿಲ್ಲಿಸಬೇಕಿಲ್ಲ.

ರಂಗಸ್ಥಳ_ಲೈವ್, 8:15
ಸರಿಯಾಯ್ತು. ಈಗ ಚೆಂಡೆಯ ಕೋಲೂ ಬಿಡಿಬಿಡಿಯಾಗಿ ಕಾಣುತ್ತೆ.